ರೊಕ್ಕಾಸ್ಪಿನಾ ಅರಮನೆಯ ಎಡಗಡೆಯ ಕದ

ಹಸಿ ಗಾರೆಯ ಒಂದು ಮುದ್ದೆ ನೇರವಾಗಿ ಬಂದು ನಿನ್ಫಾಳ ಭುಜದ ಮೇಲೆ ಬಿತ್ತು. ರೊಕ್ಕಾಸ್ಪಿನಾ ಅರಮನೆಯಲ್ಲಿ ದೊರೆಯ ಮಗಳ ಮೇಲೆ ಏನಾದರೂ ಬೀಳುವುದೆಂದರೆ ಸಾಮಾನ್ಯ ಮಾತಲ್ಲ. ಅವಳು ಸೊಂಟದ ಮೇಲೆ ಕೈಯಿಟ್ಟು ತಲೆಯೆತ್ತಿದಳು.

"ಯಾರಯ್ಯ ಅದು ಮೇಲೆ?"

ನೃತ್ಯದ ಹಜಾರದ ಚಾವಣಿಯ ಕೆಲಸಕ್ಕೆ ಕಟ್ಟಿದ್ದ ಸಾರುವೆಯ ಹಲಗೆಯ ಅಂಚಿನಿಂದ ಒಂದು ಮುಖ ಇಣುಕಿತು. ಮೀಸೆಗೂ ಸುಣ್ಣ, ರೆಪ್ಪೆಗೂ ಸುಣ್ಣ. ಕಪ್ಪು ಕಣ್ಣುಗಳು ಮಾತ್ರ ನಗುತ್ತಿದ್ದವು.

"ಲಿಬೋರಿಯೊ ಅಂತ, ಗಾರೆಯವನು. ತಪ್ಪಾಯ್ತು ಅಮ್ಮಣ್ಣಿ. ಅದು ದೇವದೂತನ ಮೂಗು."

"ನನಗೆ ಒಂದು ಮೂಗಿದೆ. ಇನ್ನೊಂದು ಬೇಡ."

"ಗೊತ್ತು ಅಮ್ಮಣ್ಣಿ. ಅದನ್ನ ನೋಡ್ತಾ ಇದ್ದಿದ್ದಕ್ಕೇ ಕೈ ಜಾರಿದ್ದು."

ಬೈಯಲೆಂದು ಬಾಯಿ ತೆರೆದ ನಿನ್ಫಾ ನಕ್ಕುಬಿಟ್ಟಳು. ಆ ಮನೆಯಲ್ಲಿ ಹೆಂಗಸೊಬ್ಬಳು ಗಟ್ಟಿಯಾಗಿ ನಕ್ಕು ವರ್ಷಗಳೇ ಆಗಿದ್ದವು.

ನಗುವಂಥ ಮನೆಯೇ ಅದು? ಪಲೆರ್ಮೊದ ಕಲ್ಸಾ ಕೇರಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಹೇಳುತ್ತಾರೆ. ಸಮುದ್ರದ ಕಡೆಯ ಕೋಣೆಯ ಕಿಟಕಿಗೆ ಗೋಡೆ ಕಟ್ಟಿದ್ದು ಯಾಕೆಂದರೆ ಮುತ್ತಜ್ಜ ಅಲ್ಲಿ ಹೆಂಡತಿಯ ಕುತ್ತಿಗೆ ಹಿಸುಕಿದ್ದ. ಅಂಗಳದ ಬಾವಿಯಲ್ಲಿ ಕಂದಾಯದವನನ್ನು ತಲೆಕೆಳಗಾಗಿ ಇಳಿಸಿ ಮುಳುಗಿಸಿದ್ದರು, ಅಂದಿನಿಂದ ಆ ನೀರನ್ನು ಕುದುರೆಗೂ ಕುಡಿಸುವುದಿಲ್ಲ. ದಂಗೆಯ ವರ್ಷ ಅಜ್ಜ ದೊಡ್ಡ ಮೆಟ್ಟಿಲ ಮೇಲೆ ನಿಂತು ಜನರ ಮೇಲೆ ಗುಂಡು ಹಾರಿಸಿ, ಕೊನೆಗೆ ಕೊಡಲಿಗೆ ಸಿಕ್ಕು ಸತ್ತ. ಇಷ್ಟೆಲ್ಲ ಮಾಡಿಯೂ ಈ ಮಂದಿಗೆ ಚಾವಣಿಯ ತುಂಬ ದೇವದೂತರು ಬೇಕು, ಅದೂ ಕೆನ್ನೆ ಉಬ್ಬಿದವರೇ ಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಹೆಬ್ಬಾಗಿಲು. ನಿನ್ಫಾಳ ಅಣ್ಣ ಕೊರ್ರಾಡೊ ಅದರ ಹೊಸ್ತಿಲ ಮೇಲೆ ಇರಿತಕ್ಕೆ ಬಿದ್ದ ದಿನ ಎಡಗಡೆಯ ಕದ ಮುಚ್ಚಿದರು. ದಾರಿ ಬಿಡಲಿಲ್ಲವೆಂದು ಅವನು ವಾನ್ನಿ ಎಂಬ ಗಾಡಿಯವನ ಮುಖಕ್ಕೆ ಚಾವಟಿ ಬೀಸಿದ್ದ. ವಾನ್ನಿ ಅವನ ಹೊಟ್ಟೆಗೆ ಚೂರಿ ಹಾಕಿ ಹಡಗು ಹತ್ತಿ ಓಡಿದ. ವಾನ್ನಿಯ ರಕ್ತವೋ ಅವನ ಮಕ್ಕಳ ರಕ್ತವೋ ಅದೇ ಕಲ್ಲಿನ ಮೇಲೆ ಬೀಳುವ ತನಕ ಆ ಕದ ತೆರೆಯುವಂತಿಲ್ಲ. ಅರ್ಧ ಬಾಗಿಲಲ್ಲಿ ಮದುವೆಯ ದಿಬ್ಬಣ ದಾಟುವಂತಿಲ್ಲ. ಹೀಗೆ, ಯಾರೋ ಮಾಡಿದ ತಪ್ಪಿಗೆ ನಿನ್ಫಾ ಮದುವೆಯಿಲ್ಲದೆ ಕೂತಿದ್ದಳು.

ಮೂಗು ಬಿದ್ದ ಮೇಲೆ ಅವಳಿಗೆ ಆ ಹಜಾರದಲ್ಲಿ ದಿನವೂ ಏನಾದರೊಂದು ಕೆಲಸ ಹುಟ್ಟತೊಡಗಿತು. ಕಿತ್ತಳೆ ಸುಲಿದು ಒಂದೊಂದೇ ತೊಳೆಯನ್ನು ಮೇಲಕ್ಕೆ ಎಸೆಯುವಳು. ಅವನು ಬಾಯಲ್ಲೇ ಹಿಡಿಯುವನು. ಹಿಡಿದು ಅವಳನ್ನೇ ನೋಡುವನು, ಅವಳು ನೋಡದವಳಂತೆ ಕಿಟಕಿಯ ಕಡೆ ತಿರುಗುವಳು.

"ಈ ದೇವದೂತ ನಮ್ಮ ಫುಲ್ಕೊ ಚಿಕ್ಕಪ್ಪನ ಥರಾನೇ ಇದಾನೆ."

"ರೆಕ್ಕೆ ಹಚ್ಚಿದ್ರೆ ಯಾರಿಗೂ ಗೊತ್ತಾಗಲ್ಲ ಬಿಡಿ."

ಒಮ್ಮೆ ಬೀದಿಯಲ್ಲಿ ಗದ್ದಲವೆದ್ದಿತು. ಇಬ್ಬರು ಬೆಸ್ತರು ಎಡಗೈಗೆ ಅಂಗಿ ಸುತ್ತಿಕೊಂಡು ಚೂರಿ ಹಿಡಿದು ಒಬ್ಬರನ್ನೊಬ್ಬರು ಸುತ್ತುತ್ತಿದ್ದರು. ಕೇರಿಯ ಇಂಥ ಜಗಳಗಳಿಗೆಲ್ಲ ನ್ಯಾಯ ಹೇಳುವ, ಮೀನು ಮಾರುವ ಕೋಲಾಜ್ಜ ನಡುವೆ ನಿಂತಿದ್ದ. ಕಿರಿಯವನ ಕಿವಿ ಹರಿಯಿತು. ತಕ್ಷಣ ಇಬ್ಬರೂ ಚೂರಿ ಬಿಸಾಡಿ ತಬ್ಬಿಕೊಂಡು, ರಕ್ತ ಸೋರುತ್ತಿದ್ದಂತೆಯೇ ಮುತ್ತಿಟ್ಟುಕೊಂಡರು.

"ರಕ್ತ ಬಿತ್ತು. ಮುತ್ತೂ ಆಯ್ತು. ಇಲ್ಲಿಗೆ ಮುಗೀತು," ಎಂದ ಕೋಲಾಜ್ಜ. ಇನ್ನು ಆ ಜಗಳವನ್ನು ಎತ್ತಿದವನ ಕೈಯಿಂದ ಕಲ್ಸಾದಲ್ಲಿ ಯಾರೂ ನೀರು ಕುಡಿಯುವುದಿಲ್ಲ.

"ಮೊದಲು ಚೂರಿ, ಆಮೇಲೆ ಮುತ್ತು," ಎಂದ ಲಿಬೋರಿಯೊ. ಅವನು ಸಾರುವೆಯಿಂದ ಇಳಿದು ಕಿಟಕಿಯ ಬಳಿ ಅವಳ ಪಕ್ಕದಲ್ಲೇ ನಿಂತಿದ್ದ. "ಮುತ್ತೇ ಮೊದಲಾದ್ರೆ?"

"ಚೂರಿ ತಾನಾಗೇ ಹಿಂದಿನಿಂದ ಬರುತ್ತೆ. ಇದು ರೊಕ್ಕಾಸ್ಪಿನಾ ಅರಮನೆ."

"ನಾನಂದ್ರೆ ನಿಮಗೆ ಇಷ್ಟಾನಾ ಅಮ್ಮಣ್ಣಿ? ಅದೊಂದು ಹೇಳಿ."

ನಿನ್ಫಾಳ ಕೆನ್ನೆ ಬಿಸಿಯಾಯಿತು. "ಆ ಎಡಗಡೆ ಕದ ತೆರೆದ ದಿನ ಹೇಳ್ತೀನಿ," ಎಂದು ನಕ್ಕಳು.

ಅವನು ನಗಲಿಲ್ಲ. ಸೊಂಟದಿಂದ ಹಳೆಯ ಚೂರಿಯೊಂದನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ.

"ಅದನ್ನ ತೆರೆಯೋ ರಕ್ತ ನನ್ನ ಮೈಯಲ್ಲೇ ಇದೆ. ನಾನು ವಾನ್ನಿಯ ಮಗ. ಇದು ಅದೇ ಚೂರಿ."

ನಿನ್ಫಾ ಅವನ ಕಪಾಳಕ್ಕೆ ಬಾರಿಸಿದಳು. ಮತ್ತೆ ಬಾರಿಸಿದಳು. ಅವನ ತುಟಿ ಒಡೆದು ಸುಣ್ಣದ ಮೇಲೆ ರಕ್ತ ಇಳಿಯಿತು. ಆ ತುಟಿ ಒರೆಸಲು ಕೈ ಎತ್ತಿದವಳು ಅಣ್ಣನ ನೆನಪಾಗಿ ಹಿಂದಕ್ಕೆ ಎಳೆದುಕೊಂಡಳು.

"ಯಾಕೆ ಬಂದೆ ಇಲ್ಲಿಗೆ?"

"ಟ್ಯೂನಿಸ್‌ನಲ್ಲಿ ಅಪ್ಪ ಸಾಯೋವಾಗ ಈ ಚೂರಿನ ಆ ಹೊಸ್ತಿಲ ಮೇಲೆ ಇಟ್ಟು ಬಾ, ತಪ್ಪು ನನ್ನದೇ ಅಂದ. ಇಟ್ಟು ಹೋಗೋಣ ಅಂತಲೇ ಬಂದೆ. ಆಗ ನೀವು ಅಂಗಳ ದಾಟ್ತಾ ಇದ್ರಿ. ಕಾಲು ಏಳಲಿಲ್ಲ."

"ಓಡು. ಈಗಲೇ ಓಡು ಲಿಬೋರಿಯೊ."

ಓಡಲು ದಾರಿಯಿರಲಿಲ್ಲ. ಬಾಗಿಲಲ್ಲಿ ಫುಲ್ಕೊ ಚಿಕ್ಕಪ್ಪ ನಿಂತಿದ್ದ. ಚಾವಣಿ ಎಲ್ಲಿಗೆ ಬಂತೆಂದು ನೋಡಲು ಬಂದವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಆಳುಗಳು ನುಗ್ಗಿದರು. ಸಾರುವೆಯ ಗಳುವಿನಿಂದಲೇ ಹೊಡೆದರು. ಅವನು ಬಿದ್ದ ಮೇಲೂ ಒದ್ದರು, ಪಕ್ಕೆಲುಬು ಮುರಿದ ಸದ್ದು ನಿನ್ಫಾಳಿಗೆ ಕೇಳಿಸಿತು. ಅಡ್ಡ ಹೋದವಳನ್ನು ಚಿಕ್ಕಪ್ಪ ಕೂದಲು ಹಿಡಿದು ಎಳೆದ. ಅವಳ ಕೈಗೆ ಕಿಟಕಿಯ ಕಟ್ಟೆ ಸಿಕ್ಕಿತು, ಚೂರಿಯೂ ಸಿಕ್ಕಿತು. ಅದನ್ನು ಅವಳು ಶಾಲಿನೊಳಗೆ ಸೇರಿಸಿಕೊಂಡಳು.

ಇಂಥ ಸೇಡು ಹಗಲಲ್ಲಿ, ಹೊಸ್ತಿಲ ಮೇಲೆ, ಊರು ನೋಡುವಂತೆ ಆಗಬೇಕು. ಲಿಬೋರಿಯೊನ ಕೈ ಕಟ್ಟಿ ಮೆಟ್ಟಿಲ ಮೇಲೆ ಎಳೆದು ತಂದು ಮುಚ್ಚಿದ ಕದದ ಮುಂದೆ ಮಂಡಿಯೂರಿಸಿದರು. ಬೀದಿಯಲ್ಲಿ ಮೀನಿನವರು ಬುಟ್ಟಿ ಇಳಿಸಿ ನಿಂತರು. ಊರುಗೋಲು ಊರಿದ ದೊರೆಯನ್ನು, ನಿನ್ಫಾಳ ಅಪ್ಪನನ್ನು, ಇಬ್ಬರು ಹಿಡಿದು ಕರೆತಂದರು. ಕಠಾರಿ ಹಿಡಿದ ಮುದುಕನ ಕೈ ಅದುರುತ್ತಿತ್ತು.

"ನಿಮ್ಮಿಂದ ಆಗಲ್ಲ ಅಣ್ಣಾ, ಇತ್ತ ಕೊಡಿ," ಎಂದ ಫುಲ್ಕೊ.

"ಚಿಕ್ಕಪ್ಪ, ಸತ್ತವನು ನನ್ನ ಅಣ್ಣ. ಆ ಹಕ್ಕು ನನ್ನದು." ನಿನ್ಫಾ ಚೂರಿಯನ್ನು ಹೊರತೆಗೆದಳು. "ಅವನ ಕೈ ಬಿಚ್ಚಿ, ಚೂರಿ ಕೊಡಿ. ನಮ್ಮದು ಕಸಾಯಿಖಾನೆ ಅಲ್ಲ."

"ಏನು ಹುಡುಗಾಟ ಇದು," ಎಂದು ಫುಲ್ಕೊ ಗದರಿದ.

"ಅಮ್ಮಣ್ಣಿ ಹೇಳಿದ್ದು ಸರಿ ಇದೆ," ಎಂದ ಕೋಲಾಜ್ಜ. ತನ್ನ ಮೀನು ಸೀಳುವ ಚೂರಿಯಿಂದ ಲಿಬೋರಿಯೊನ ಕೈಕಟ್ಟು ಕೊಯ್ದು ಅದನ್ನೇ ಅವನ ಮುಂದೆ ಎಸೆದ. "ಏಳಪ್ಪ."

ಅವನು ಎದ್ದು ನಿಂತ. ಚೂರಿ ಕೈಯಲ್ಲಿ ಜೋತಾಡುತ್ತಿತ್ತು.

ನಿನ್ಫಾ ಎಡಗೈಗೆ ಶಾಲು ಸುತ್ತಿಕೊಂಡಳು. ಚೂರಿ ಮೇಲುಮೇಲೆ ತಾಗಿದರೆ ಚಿಕ್ಕಪ್ಪ ನಾಟಕವೆಂದು ಅವನ ಕತ್ತು ಕೊಯ್ಯುತ್ತಾನೆ. ಆಳ ಹೋದರೆ ತಾನೇ ಕೊಂದ ಹಾಗೆ. ಈ ಮನುಷ್ಯ ಸತ್ತರೆ ತನಗೆ ಬದುಕು ಬೇಡ ಎಂಬುದು ಆ ಬಿಸಿಲಲ್ಲಿ ನಿಂತಾಗ ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

"ಚೂರಿ ಎತ್ತು," ಎಂದಳು ಮೆಲ್ಲಗೆ. "ಇಲ್ಲಾಂದ್ರೆ ಲೆಕ್ಕಕ್ಕೆ ಬರಲ್ಲ."

ಅವನು ಅವಳ ಕಣ್ಣನ್ನೇ ನೋಡುತ್ತ ಎತ್ತಿದ. ಅವಳು ನುಗ್ಗಿದಳು. ಅಲಗು ಅವನ ಭುಜದಿಂದ ಎದೆಯವರೆಗೆ ಅಂಗಿಯನ್ನೂ ಚರ್ಮವನ್ನೂ ಸೀಳಿಕೊಂಡು ಇಳಿಯಿತು. ಅವನು ನರಳಿ ಬಗ್ಗಿದ. ರಕ್ತ ಹೊಸ್ತಿಲ ಕಲ್ಲಿನ ಮೇಲೆ ಬಿತ್ತು, ಕೊರ್ರಾಡೊನ ರಕ್ತ ಬಿದ್ದಲ್ಲೇ.

ನಿನ್ಫಾ ಚೂರಿ ಬಿಸಾಡಿದಳು. ಎರಡೂ ಕೈಯಿಂದ ಅವನ ಮುಖ ಹಿಡಿದು, ಅಪ್ಪನ ಮುಂದೆ, ಬೀದಿಯ ಮುಂದೆ, ಆ ಒಡೆದ ತುಟಿಗೆ ಮುತ್ತಿಟ್ಟಳು. ಸುಣ್ಣ, ರಕ್ತ ಎರಡೂ ಬಾಯಿಗೆ ಬಂತು. ಅವಳು ಬಿಡಲಿಲ್ಲ.

"ರಕ್ತ ಬಿತ್ತು," ಎಂದ ಕೋಲಾಜ್ಜ, ಸ್ವಲ್ಪ ಕೆಮ್ಮಿ. "ಮುತ್ತೂ... ಆಯ್ತು, ಚೆನ್ನಾಗೇ ಆಯ್ತು. ಇಲ್ಲಿಗೆ ಮುಗೀತು."

ಫುಲ್ಕೊ ಪಿಸ್ತೂಲು ಎಳೆದ. ದೊರೆ ಊರುಗೋಲೆತ್ತಿ ತಮ್ಮನ ಮಣಿಕಟ್ಟಿನ ಮೇಲೆ ಅಪ್ಪಳಿಸಿದ. ಮೂಳೆ ಮುರಿಯಿತು, ಗುಂಡು ಹಾರಿ ಮುಚ್ಚಿದ ಕದದಲ್ಲಿ ನಾಟಿತು.

"ನನ್ನ ಮಗನ ಲೆಕ್ಕ ನನ್ನ ಮಗಳು ಚುಕ್ತಾ ಮಾಡಿದಾಳೆ," ಎಂದ ಮುದುಕ. "ಕದ ತೆಗೀರೋ."

ತುಕ್ಕು ಹಿಡಿದ ತಿರುಗಣಿ ಹಾರೆ ಹಾಕಿ ಮೀಟಿದ ಮೇಲೆ ಬಾಯಿಬಿಟ್ಟಿತು. ವರ್ಷಗಳ ದೂಳು ಎಲ್ಲರ ತಲೆಯ ಮೇಲೆ ಸುರಿಯಿತು.

"ಹೋಗು ಮಗಳೇ," ಎಂದ ದೊರೆ. "ಅವನು ಈ ಬಾಗಿಲಲ್ಲಿ ಒಳಗೆ ಬರೋದನ್ನ ನನ್ನಿಂದ ನೋಡೋಕಾಗಲ್ಲ. ನೀನು ಹೊರಗೆ ಹೋಗೋದನ್ನ ನೋಡ್ತೀನಿ." ಅವನ ಕಣ್ಣು ತುಂಬಿತ್ತು. ನಿನ್ಫಾ ಆ ಅದುರುವ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಶಾಲನ್ನು ಗಾಯಕ್ಕೆ ಒತ್ತಿ ಹಿಡಿದು, ಅವನನ್ನು ಹೆಗಲಿಗೆ ಆನಿಸಿಕೊಂಡು, ತೆರೆದ ಹೆಬ್ಬಾಗಿಲ ನಟ್ಟನಡುವೆ ಅವಳು ಹೊರಬಂದಳು. ಮೀನಿನವರು ಬುಟ್ಟಿ ಸರಿಸಿ ದಾರಿ ಬಿಟ್ಟರು.

"ಸ್ವಲ್ಪ ಮೆಲ್ಲಗೆ ಕೊಯ್ಯಬಹುದಿತ್ತು ನೀವು."

"ಚಿಕ್ಕಪ್ಪ ನಂಬ್ತಿರಲಿಲ್ಲ. ಇನ್ನೊಂದು ಸಲ 'ನೀವು' ಅಂದ್ರೆ ಆ ಕಡೆ ಭುಜಕ್ಕೂ ಒಂದು ಬೀಳುತ್ತೆ."

ಅವನು ನಗಲು ಹೋಗಿ ಪಕ್ಕೆ ಹಿಡಿದುಕೊಂಡ. ನಾಲ್ಕು ಹೆಜ್ಜೆ ನಡೆದು ನಿಂತ.

"ಕದ ತೆರೀತು, ನಿನ್ಫಾ."

"ನೋಡಿದೆ."

"ಹಾಗಾದ್ರೆ ಹೇಳು."

ಇಡೀ ಕೇರಿ ಕಿವಿಗೊಟ್ಟು ನಿಂತಿತ್ತು. ನಿನ್ಫಾ ಅವನ ಮೀಸೆಗೆ ಮೆತ್ತಿದ್ದ ಸುಣ್ಣವನ್ನು ಹೆಬ್ಬೆರಳಿನಿಂದ ಒರೆಸಿದಳು.

"ಇಷ್ಟ," ಎಂದಳು. "ಆ ಮೂಗು ಭುಜದ ಮೇಲೆ ಬಿದ್ದಾಗಿಂದ ಇಷ್ಟ."