ಕೇದಗೆ ಚಾಪೆಯ ಅಡಿಯಲ್ಲಿ

"ಅಮ್ಮಾ, ಮೆಲ್ಲಗೆ... ಇದು ಮೊಣಕಾಲು, ದೀವಿಹಲಸಿನ ಕಾಯಲ್ಲ!"

ಹೀಗೆ ಕೂಗಿದವನು ಮಲಾಕಿ. ಊರಿನ ರಗ್ಬಿ ತಂಡದಲ್ಲಿ ಅವನು ಚೆಂಡು ಹಿಡಿದು ಓಡಿದರೆ ಅಡ್ಡ ಬರುವ ಧೈರ್ಯ ಯಾರಿಗೂ ಇಲ್ಲ. ಸವಾಯಿ ದ್ವೀಪದ ಆ ದಂಡೆಯಲ್ಲಿ ಕೈಕಾಲು ನೋವೆಂದರೆ ಜನ ಮೊದಲು ಬರುವುದು ಸಿಯೆನಿಯ ಮನೆಗೆ. ಎಣ್ಣೆ ಹಚ್ಚಿ ನೀವುವುದರಲ್ಲಿ ಅವಳದು ಎತ್ತಿದ ಕೈ.

ತೆಂಗಿನೆಣ್ಣೆಯ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತಿದ್ದಳು ಸಿಯೆನಿಯ ಮಗಳು ತೆಲೆಸಿಯಾ.

"ಮೈದಾನದಲ್ಲಿ ಗೂಳಿ, ಇಲ್ಲಿ ಕೋಳಿಮರಿ," ಎಂದಳು.

"ನೀನು ನೀವಿದ್ರೆ ಕೂಗ್ತಾನೇ ಇರ್ಲಿಲ್ಲ."

"ನನ್ನ ಕೈ ನೀವೋದಿಲ್ಲ, ಬಾರಿಸುತ್ತೆ."

ಅವನು ನಕ್ಕ. ಅವಳೂ ನಕ್ಕಳು. 'ಇವನ ನಗು ಇಷ್ಟು ಚೆನ್ನಾಗಿದೆಯಾ...' ಎಂದುಕೊಂಡಳು, ಬಟ್ಟಲಿನ ಎಣ್ಣೆ ಕಾಲ ಮೇಲೆ ಚೆಲ್ಲಿದ್ದೂ ಗೊತ್ತಾಗಲಿಲ್ಲ.

ಸಿಯೆನಿ ಮಾತ್ರ ನಗಲಿಲ್ಲ. ನಿನ್ನೆ ಬಲ ಮೊಣಕಾಲು, ಇವತ್ತು ಎಡದ್ದು. ಮೈ ಕಾದಿದೆ. ಕಣ್ಣ ಕೆಳಗೆ ಊದಿದ ಹಾಗಿದೆ.

"ಈಚೆಗೆ ಗಂಟಲು ನೋವು ಬಂದಿತ್ತಾ?"

"ಬಂದಿತ್ತು. ಹೋಯ್ತು."

"ಉಚ್ಚೆಯ ಬಣ್ಣ ಬದಲಾಗಿದೆಯಾ? ನಿಜ ಹೇಳಪ್ಪಾ. ಬದಲಾಗಿದ್ರೆ ಇದು ನನ್ನ ಕೈಲಿ ವಾಸಿ ಆಗೋದಲ್ಲ, ಇವತ್ತೇ ದೋಣಿ ಹತ್ತಿ ದೊಡ್ಡಾಸ್ಪತ್ರೆಗೆ ಹೋಗ್ಬೇಕು."

ಮಲಾಕಿ ತೆಲೆಸಿಯಾಳ ಕಡೆಗೊಮ್ಮೆ ನೋಡಿದ. ಅವನ ಕಿವಿ ಕೆಂಪಾಯಿತು.

"ಇಲ್ಲಮ್ಮ. ನೀರಿನ ಹಾಗೇ ಇದೆ."

ಹನ್ನೊಂದು ದಿನ ಬಂದ. ನೋವು ಮೊಣಕಾಲು ಬಿಟ್ಟು ಮಣಿಕಟ್ಟಿಗೆ ಹತ್ತಿತು. ಅದು ಎಲ್ಲಿಗೆ ಹೋದರೂ ಅವನಿಗೆ ಬೇಸರವಿಲ್ಲ, ಎಣ್ಣೆ ಬಟ್ಟಲು ಹಿಡಿಯುವವಳು ಅಲ್ಲೇ ಇರುತ್ತಿದ್ದಳಲ್ಲ. ಹನ್ನೊಂದನೆಯ ದಿನ ಸಿಯೆನಿ ನೋವಿಗೆ ಕಟ್ಟುವ ನೋನಿ ಎಲೆ ಕೊಯ್ಯಲು ಹೋದಾಗ ಇಬ್ಬರೂ ಕೈ ಹಿಡಿದು ಕೂತಿದ್ದರು.

ಮರುದಿನ ಭಾನುವಾರ. ಚರ್ಚಿನಲ್ಲಿ ಎಲ್ಲರ ಜೊತೆ ಹಾಡುತ್ತಿದ್ದ ಮಲಾಕಿ ಉಸಿರು ಸಿಗದೆ ಕುಸಿದುಬಿದ್ದ.

ಒಂದೇ ಗಂಟಲು ನೋವು ಎರಡು ಕಡೆ ಏಟು ಹಾಕಿದೆ ಎಂದರು ಅಪಿಯಾದ ದೊಡ್ಡಾಸ್ಪತ್ರೆಯ ಡಾಕ್ಟರು. ಹೃದಯದ ಕವಾಟ ಕೆಟ್ಟಿದೆ, ಮೂತ್ರಪಿಂಡವೂ ಊದಿಕೊಂಡಿದೆ. ಕವಾಟ ಬದಲಿಸೋಣವೆಂದರೆ ಮೂತ್ರಪಿಂಡ ತಾಳುವುದಿಲ್ಲ. ರಕ್ತ ಶುದ್ಧ ಮಾಡುವ ಯಂತ್ರಕ್ಕೆ ಹಾಕಿದರೆ ಹೃದಯ ತಾಳುವುದಿಲ್ಲ. ಮೊದಲ ದಿನವೇ ಕರೆತಂದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ ಎಂದೂ ಹೇಳಿದರು. ಎರಡು ತಿಂಗಳ ಮೇಲೆ ಅವನನ್ನು ಮನೆಗೆ ಕಳಿಸಿದರು. ಯಾಕೆ ಕಳಿಸಿದರೆಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

"ಎಣ್ಣೆ ನೀವಿ ನೀವಿ ನನ್ನ ಮಗನ ಜೀವ ತೆಗೆದಳು ಆ ಸಿಯೆನಿ," ಎಂದು ಮಲಾಕಿಯ ಅಪ್ಪ ಊರ ಹಿರಿಯರ ಎದುರು ಹೇಳಿದರು. ಅವರೂ ಹಿರಿಯರಲ್ಲಿ ಒಬ್ಬರು. ಆಮೇಲೆ ಸಿಯೆನಿಯ ಮನೆಗೆ ಯಾರೂ ಬರಲಿಲ್ಲ. ಅವಳು ಎಣ್ಣೆ ಬಟ್ಟಲನ್ನು ಮುಟ್ಟಲೂ ಇಲ್ಲ.

ತೆಲೆಸಿಯಾ ಮೂರು ಸಲ ಪರಂಗಿ ಹಣ್ಣು ಕಳಿಸಿದಳು. ಮೂರು ಸಲವೂ ಬುಟ್ಟಿ ಹಾಗೇ ವಾಪಸು ಬಂತು.

"ಯಾರು ಬೇಡ ಅಂದಿದ್ದು? ಅಪ್ಪನಾ?"

"ಅಲ್ಲ. ಮಲಾಕಿನೇ," ಎಂದಳು ಬುಟ್ಟಿ ತಂದ ನೆರೆಯವಳು.

'ಹಾಗಾದರೆ ಅವನೂ ಹಾಗೇ ಅಂದುಕೊಂಡಿದ್ದಾನೆ... ನನ್ನ ಮುಖ ನೋಡದೆಯೇ ಹೊರಟುಬಿಡ್ತಾನೆ...'

ಅವಳ ಎದೆಯೇ ಒಡೆಯಿತು.

ಮರುದಿನ ಬೆಳಗಾಗುವ ಹೊತ್ತಿಗೆ ಅವಳು ಮನೆಯ ಒಳ್ಳೆಯ ಚಾಪೆಯ ಸುರುಳಿ ಬಿಚ್ಚಿದಳು. ಕೇದಗೆ ಗರಿಯನ್ನು ದಾರದಷ್ಟು ಸಣ್ಣಗೆ ಸೀಳಿ ಅಮ್ಮ ನಾಲ್ಕು ವರ್ಷ ನೇಯ್ದದ್ದು.

"ತಪ್ಪೊಪ್ಪಿ ಕೂರೋಕೆ ಮನೆಯ ಹಿರಿಯರು ಹೋಗ್ಬೇಕು ಕಣೇ. ನೀನು ಹುಡುಗಿ, ನಗ್ತಾರೆ. ಮೇಲಾಗಿ ನಾನು ಕೇಳಿದ್ದೆ. ಅವನೇ ಇಲ್ಲ ಅಂದ," ಎಂದಳು ಸಿಯೆನಿ.

"ಗೊತ್ತಮ್ಮ. ನಗ್ಲಿ ಬಿಡು."

ಮಲಾಕಿಯ ಮನೆಯ ಅಂಗಳದಲ್ಲಿ ಕಟ್ಟಿಗೆಯ ಹೊರೆ ಇಳಿಸಿ, ತಲೆ ಬಗ್ಗಿಸಿ, ಚಾಪೆಯನ್ನು ಪೂರ್ತಿ ಮುಸುಕು ಹಾಕಿಕೊಂಡು ಕೂತಳು. ಬೇಕಿದ್ದರೆ ಈ ಕಟ್ಟಿಗೆಯಲ್ಲೇ ನಮ್ಮನ್ನು ಸುಡಿ ಎಂದು ಅದರ ಅರ್ಥ. ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಎತ್ತದಿದ್ದರೆ ಕೂತೇ ಇರಬೇಕು.

ಬಿಸಿಲು ಏರಿತು. ಚಾಪೆಯೊಳಗೆ ಬೆವರು ಹರಿಯಿತು. ಗೋಡೆಯಿಲ್ಲದ ಮನೆಯ ಕಂಬಗಳ ನಡುವೆ ಮಲಾಕಿಯ ಅಪ್ಪ ಕಲ್ಲಿನ ಹಾಗೆ ಕೂತಿದ್ದರು.

"ಗಂಡು ದಿಕ್ಕಿಲ್ಲದ ಮನೆ, ಹುಡುಗಿನ ಕಳಿಸಿದೆ," ಎಂದು ದಾರಿಯಲ್ಲಿ ಯಾರೋ ಅಂದರು.

ಮಧ್ಯಾಹ್ನದ ಹೊತ್ತಿಗೆ ಕಲ್ಲುಹರಳಿನ ಮೇಲೆ ಏನೋ ಎಳೆದ ಸದ್ದು. ಸ್ವಲ್ಪ ಬಂದು ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಚಾಪೆಯ ಅಂಚು ಒಂದು ಗೇಣು ಮೇಲೆದ್ದಿತು, ನಡುಗಿತು, ಬಿದ್ದುಹೋಯಿತು.

ಆಮೇಲೆ ಮಲಾಕಿ ತೆವಳಿಕೊಂಡು ಒಳಗೇ ಬಂದ.

ಮುಖ ಊದಿತ್ತು. ತುಟಿ ನೀಲಿಯಾಗಿತ್ತು. ಅವನೇ ಎಂದು ಹೇಳುವಂತಿದ್ದದ್ದು ಕಣ್ಣು ಮಾತ್ರ.

"ಎತ್ತೋಕೆ... ಆಗ್ಲಿಲ್ಲ. ಅದಕ್ಕೇ ಒಳಗೆ ಬಂದೆ."

"ಮೂರು ಸಲ ಬುಟ್ಟಿ ವಾಪಸು ಕಳಿಸಿದ್ಯಲ್ಲೋ..."

"ಯಾವ ಮುಖ ಇಟ್ಕೊಂಡು ತಿನ್ಲಿ? ನಿಮ್ಮಮ್ಮ ಅವತ್ತೇ ಉಚ್ಚೆಯ ಬಣ್ಣ ಕೇಳಿದ್ರು. ಅದು ಕಡು ಕೋಕೋ ಹಾಗೆ ಬರ್ತಿತ್ತು, ತೆಲೆಸಿಯಾ. ನೀನು ಬಟ್ಟಲು ಹಿಡಿದು ಎದುರಿಗೇ ನಿಂತಿದ್ದೆ. ಆಗಷ್ಟೇ ನನ್ನ ನೋಡಿ ನಕ್ಕಿದ್ದೆ. ಹೇಗೆ ಹೇಳ್ಲಿ... ಆಮೇಲೆ ಅಪ್ಪ ನಿಮ್ಮಮ್ಮನ್ನ ಬೈದಾಗ್ಲೂ ಬಾಯಿ ಬರ್ಲಿಲ್ಲ."

ತೆಲೆಸಿಯಾ ಅಳುತ್ತಲೇ ಅವನ ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಟ್ಟಳು. ಏಟು ಕೊಟ್ಟ ಕೈ ಅಲ್ಲೇ ನಿಂತಿತು.

"ಈಗ ಯಾವ ಬಣ್ಣ?"

"ಈಗ ಬರೋದೇ ಇಲ್ಲ."

ಅವನು ಉಸಿರು ಕೂಡಿಸಿಕೊಂಡು ಕೂಗಿದ. "ಅಪ್ಪಾ... ಸುಳ್ಳು ಹೇಳಿದವನು ನಾನು. ಸಿಯೆನಿ ಅಮ್ಮನ ತಪ್ಪಿಲ್ಲ. ಅವರ ಮನೆಗೆ ಹೋಗಿ ನೀನು ಕೂರ್ಬೇಕು."

ಹೊರಗೆ ಹೆಜ್ಜೆ ಸಪ್ಪಳ. ಚಾಪೆ ಮೇಲೆದ್ದಿತು, ಬೆಳಕು ಬಂತು. ಅಪ್ಪನ ಕಣ್ಣು ಒದ್ದೆಯಾಗಿತ್ತು.

"ಸ್ವಲ್ಪ ತಡಿ ಅಪ್ಪಾ," ಎಂದ ಮಲಾಕಿ.

ಅಪ್ಪ ಚಾಪೆಯನ್ನು ಮತ್ತೆ ಮೆಲ್ಲಗೆ ಇಳಿಸಿ ಇಬ್ಬರಿಗೂ ಹೊದಿಸಿದರು.

"ಈ ಚಾಪೆ ಯಾವುದಕ್ಕೆ ಅಂತ ನೇಯ್ದಿದ್ದು?" ಅವನು ಕೇಳಿದ.

"ನನ್ನ ಮದುವೆಗೆ."

"ಹಾಗಾದ್ರೆ ಅಲ್ಲಾಡ್ಬೇಡ. ಹೀಗೇ ಕೂತಿರು."

"ಎಷ್ಟು ಹೊತ್ತು?"

"ನನಗೆ ಆಗೋಷ್ಟು ಹೊತ್ತು," ಎಂದು ಮಲಾಕಿ ಅವಳ ಹೆಗಲಿಗೆ ತಲೆಯಿಟ್ಟ.