ಗಡ್ಡ ಕಿತ್ತ ಚಿಪ್ಪುಗಳು

ಫೆಬ್ರವರಿ 11, ಬುಧವಾರ, ಬೆಳಿಗ್ಗೆ 9.40. ಐರಿಷ್ ಕಡಲತೀರದ ಡ್ರೋಹೆಡಾ ಬಳಿಯ ಠಾಣೆಗೆ ದೂರು ತಂದವರು ಕಡಲ ವಿಜ್ಞಾನಿ ಜಯಶೀಲಾ. ಕಾರ್ಖಾನೆಯೊಂದರ ಕೊಳವೆ ಸಮುದ್ರ ಸೇರುವಲ್ಲಿ ಅವರು ಬಲೆಯ ಪಂಜರದಲ್ಲಿ ಮಸೆಲ್ ಚಿಪ್ಪುಮೀನುಗಳನ್ನು ಇಳಿಬಿಟ್ಟಿದ್ದರು. ನೀರಿಗೆ ಕ್ಯಾಡ್ಮಿಯಂ ಎಂಬ ವಿಷಲೋಹ ಸೇರಿದರೆ ಅವುಗಳ ಮೈಯಲ್ಲಿ ಒಂದು ಪ್ರೋಟೀನು ಏರುತ್ತದೆ.

"ಡಿಸೆಂಬರಲ್ಲಿ ನಾಲ್ಕು ಪಟ್ಟು ಇತ್ತು. ಸೋಮವಾರ ನೋಡಿದ್ರೆ ಮಾಮೂಲಿನಷ್ಟೇ ಇದೆ. ಈ ಚಳಿ ನೀರಲ್ಲಿ ಅಷ್ಟು ಬೇಗ ಇಳಿಯಲ್ಲ. ಯಾರೋ ಚಿಪ್ಪುಗಳನ್ನೇ ಬದಲಾಯಿಸಿದ್ದಾರೆ."

"ನಿಮ್ ಟೆಸ್ಟೇ ತಪ್ಪಿರಬಹುದಲ್ವಾ ಮೇಡಂ?" ಡಿಟೆಕ್ಟಿವ್ ಕನೀಜ್ ಕೇಳಿದಳು. ಶಿವಾಜಿನಗರದಲ್ಲಿ ಹುಟ್ಟಿದವಳು, ದೂರು ಕೊಟ್ಟವರನ್ನೂ ಸುಲಭಕ್ಕೆ ನಂಬುವವಳಲ್ಲ.

"ಇರಬಹುದು. ಆದ್ರೆ ಈ ಸಲಾನೂ ಪ್ರೋಟೀನ್ ಜಾಸ್ತಿ ಅಂತ ವರದಿ ಹೋದ್ರೆ ಕಾರ್ಖಾನೆ ಮುಚ್ಚತ್ತೆ."

ಮಧ್ಯಾಹ್ನ 1.15, ಪಂಜರ ಇಳಿಬಿಟ್ಟಿದ್ದ ಜೆಟ್ಟಿ. ಪಂಚನಾಮೆಗೆ ಇಲ್ಲಿ ಬೇರೆ ಹೆಸರು, ಕೆಲಸ ಅದೇ. ಇನ್‌ಸ್ಪೆಕ್ಟರ್ ಕ್ಯಾವನಾ ಪಂಜರ ಎತ್ತಿದಾಗ ಒಳಗಿನವು ಗೋಲಿಗಳಂತೆ ಉರುಳಾಡಿದವು. ಬಲೆಗೆ ಒಂದೂ ಅಂಟಿರಲಿಲ್ಲ.

"ಗ್ರ್ಯಾಂಡ್. ಸೂಪಿಗೆ ಆಯ್ತು," ಎಂದ ಕ್ಯಾವನಾ.

ಕನೀಜ್ ಒಂದನ್ನು ತಿರುಗಿಸಿ ನೋಡಿದಳು. ಮಸೆಲ್‌ಗೆ ಗಡ್ಡದಂಥ ನಾರಿರುತ್ತದೆ. ಅದರಿಂದಲೇ ಅದು ಕಲ್ಲನ್ನೋ ಬಲೆಯನ್ನೋ ಹಿಡಿಯುವುದು. ಅಡುಗೆಗೆ ಅಡ್ಡಿಯೆಂದು ಅಂಗಡಿಯವರು ಅದನ್ನು ಬುಡಸಮೇತ ಕಿತ್ತು ಮಾರುತ್ತಾರೆ. ಇವಕ್ಕೆ ಗಡ್ಡವಿರಲಿಲ್ಲ.

ಜೆಟ್ಟಿಯ ಬೀಗದ ಕೈ ಕಾರ್ಖಾನೆಯ ಐವರ ಬಳಿ ಇತ್ತು. ನಾಲ್ವರು ಇದೇ ಊರಲ್ಲಿ ಮಸೆಲ್ ತಿಂದು ಬೆಳೆದವರು.

"ತಿನ್ನೋರು ಈ ತಪ್ಪು ಮಾಡಲ್ಲ ಸರ್," ಎಂದಳು ಕನೀಜ್.

3.30. ಮೀನಂಗಡಿಯ ಹೆಂಗಸಿಗೆ ಶನಿವಾರ ಮಸೆಲ್ ಕೊಂಡ ಗಿರಾಕಿ ಚೆನ್ನಾಗಿ ನೆನಪಿದ್ದ. ಆರು ಕೆಜಿಯ ಚೀಲವನ್ನು ಎರಡೇ ಬೆರಳಲ್ಲಿ, ಮೈಯಿಂದ ದೂರ ಹಿಡಿದು ಹೋಗಿದ್ದನಂತೆ. ಕ್ಯಾಮೆರಾದಲ್ಲಿ ಮುಖ ಸ್ಪಷ್ಟವಾಗಿತ್ತು.

5.20, ಠಾಣೆ. ಐದನೆಯವನಾದ ಶ್ರೀವತ್ಸ, ಮೈಸೂರಿನ ಎಂಜಿನಿಯರ್, ಎದುರು ಕೂತಿದ್ದ.

"ಮಸೆಲ್ ತಿಂತೀರಾ?"

"ನಾವು ಮೊಟ್ಟೇನೂ ತಿನ್ನಲ್ಲ."

"ಮತ್ತೆ ಶನಿವಾರ ಆರು ಕೆಜಿ ಯಾರಿಗೆ?"

ಕನೀಜ್ ಎರಡು ಚಿಪ್ಪು ಮುಂದಿಟ್ಟಳು: ಜಯಶೀಲಾ ಡಿಸೆಂಬರಿನಲ್ಲಿ ತೆಗೆದಿಟ್ಟದ್ದು ನಾರು ಸಮೇತ, ಪಂಜರದ್ದು ಬೋಳು. ಅವನು ಎರಡನ್ನೂ ತಿರುಗಿಸಿ ನೋಡಿದ.

"ನಂಗೆ ಎಲ್ಲಾ ಒಂದೇ ಥರ ಕಂಡ್ವು ಮೇಡಂ."

"ಕಂಪನಿಯವರು ಮಾಡು ಅಂದ್ರಾ?"

"ಇಲ್ಲ. ಅವರಿಗೆ ಗೊತ್ತೇ ಇಲ್ಲ."

ಅವನ ವರ್ಕ್ ಪರ್ಮಿಟ್ ಆ ಕಾರ್ಖಾನೆಯ ಹೆಸರಲ್ಲಿತ್ತು. ಹೆಂಡತಿ ಜ್ಯೋತ್ಸ್ನಾಳಿಗೆ ಆರು ಕೀಮೋಗಳಲ್ಲಿ ಮೂರು ಮುಗಿದಿದ್ದವು. ಕಾರ್ಖಾನೆ ಮುಚ್ಚಿದರೆ ದೇಶ ಬಿಡಬೇಕಾಗಬಹುದು, ಚಿಕಿತ್ಸೆ ಅರ್ಧಕ್ಕೆ ನಿಲ್ಲಬಹುದು ಎಂದು ಹೆದರಿದ್ದ.

6.10ಕ್ಕೆ ಬಂಧನ. ಕನೀಜ್ ಹಕ್ಕುಗಳನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲೂ ಹೇಳಿದಳು.

"ಏನಾದ್ರೂ ಹೇಳೋದಿದ್ಯಾ?"

"ನಾಳೆ ಎಂಟಕ್ಕೆ ನಾಲ್ಕನೇದು. ಅವಳಿಗೆ ಮೋಟರ್‌ವೇಲಿ ಕಾರ್ ಓಡಿಸೋಕೆ ಬರಲ್ಲ."

ಹೇಳಿಕೆಯಲ್ಲಿ ಅದನ್ನೂ ಅವನು ಹೇಳಿದಂತೆಯೇ ಬರೆದುಕೊಂಡಳು.