ಕೈ ಕೊಡದ ಕೋಟು

"ಅಲ್ಲಾಡಬೇಡ ಅಪ್ಪ! ನೆಟ್ಟಗೆ ನಿಂತ್ಕೋ!"

ನವ್ವಾರಾ ಹೀಗೆ ಗದರಿಸಿದ ಮೇಲೆ ಅಪ್ಪ ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತ. ಅವನ ಮೈಮೇಲೆ ಮಿರಮಿರ ಮಿಂಚುವ ಕಪ್ಪು ಕೋಟು. ಎದುರಿನಿಂದ ನೋಡಿದರೆ ಮೈಗೇ ಅಂಟಿಸಿದ ಹಾಗಿತ್ತು.

"ನೋಡಿ ಪಾಷಾ, ನೋಡಿ!" ಅಂಗಡಿಯ ಶಹಾತಾ ಅಪ್ಪನ ಬೆನ್ನ ಹಿಂದಿನಿಂದ ಕೂಗಿದ. "ಮದುಮಗನೇ ನಾಚ್ಕೋಬೇಕು, ಹಂಗಿದೆ! ಬಿಚ್ಚಲೇಬೇಡಿ. ಹಾಕ್ಕೊಂಡೇ ಮನೆಗೆ ಹೋಗಿ."

ನವ್ವಾರಾ ಸುತ್ತಿ ಹಿಂದೆ ಹೋದಳು. ಅಲ್ಲಿ ಶಹಾತಾನ ಮುಷ್ಟಿ ಇತ್ತು. ಮುಷ್ಟಿಯೊಳಗೆ ಅರ್ಧ ಕೋಟು ಇತ್ತು.

"ಮಾಮ, ಈ ಕೈನೂ ಕೋಟಿನ ಜೊತೆ ಕೊಡ್ತೀರಾ?"

"ಯಾವ ಕೈ?"

"ಹಿಂದೆ ಹಿಡ್ಕೊಂಡಿದೀರಲ್ಲ, ಅದೇ. ಕೊಡೋದಾದ್ರೆ ಶುಕ್ರವಾರ ಮಸೀದಿಗೆ ನೀವೂ ಬರ್ಬೇಕಾಗತ್ತೆ. ಅಪ್ಪನ ಬೆನ್ನ ಹಿಂದೇನೇ ಕೂತಿರ್ಬೇಕು."

ಪಕ್ಕದಲ್ಲಿ ಕಾಲುಚೀಲ ಮಾರುತ್ತಿದ್ದ ಹೆಂಗಸು ಬಿದ್ದು ಬಿದ್ದು ನಕ್ಕಳು. ಶಹಾತಾ ಮುಷ್ಟಿ ಬಿಟ್ಟ. ಕೋಟು ದೊಪ್ಪನೆ ಇಳಿದು ಗೋಣಿಚೀಲವಾಯಿತು.

"ಪಾಷಾ, ನಿಮ್ಮ ಮಗಳು ಎಷ್ಟನೇ ಕ್ಲಾಸು?"

"ಐದು."

"ಪುಣ್ಯ. ಕಾಲೇಜಿಗೆ ಹೋಗ್ತಿದ್ದಿದ್ರೆ ನನ್ನ ಅಂಗಡೀನೇ ಮುಚ್ಚಿಸಿಬಿಡ್ತಿದ್ಲು!"

ಕೈರೋದ ಬೂಲಾಕಿನ ಹಳೇ ಬಟ್ಟೆ ಬಜಾರಿನಲ್ಲಿ ಅವರಿಗೆ ಇದು ಐದನೇ ಅಂಗಡಿ. ಪ್ಯಾಂಟು ಮನೆಯಲ್ಲಿತ್ತು. ಅಂಗಿಯನ್ನು ಅಮ್ಮ ಒಗೆದು ಇಸ್ತ್ರಿ ಮಾಡಿಟ್ಟಿದ್ದಳು. ಕೋಟು ಒಂದೇ ಬೇಕಿದ್ದದ್ದು. ಅದಕ್ಕೆ ಅಪ್ಪನ ಜೇಬಿನಲ್ಲಿದ್ದದ್ದು ಐನೂರು ಗಿನೀ. ಅದರ ಮೇಲೆ ಒಂದು ಗಿನೀಯೂ ಇಲ್ಲ. ನವ್ವಾರಾಳ ಕಾಲಿನ ಶೂ ಕೂಡ ಶುಕ್ರವಾರಕ್ಕೆಂದೇ ಕೊಂಡದ್ದು. ಇನ್ನೂ ಎರಡು ವರ್ಷ ಬರಲಿ ಎಂದು ಅಮ್ಮ ದೊಡ್ಡ ಸೈಜು ಕೊಡಿಸಿದ್ದಳು. ನಡೆದರೆ ಟಪ್ ಟಪ್ ಎಂದು ಹಿಮ್ಮಡಿ ಬಿಟ್ಟುಬಿಟ್ಟು ಬಡಿಯುತ್ತಿತ್ತು.

ಶುಕ್ರವಾರ ನಯೀಮಾ ಅತ್ತೆಯ ನಿಕಾಹ್. ತಾತ ಇಲ್ಲ. ಹಾಗಾಗಿ ತಂಗಿಯ ಪರವಾಗಿ ಅಪ್ಪನೇ ಮದುಮಗನ ಎದುರು ಕೂತು ಅವನ ಕೈ ಹಿಡಿಯಬೇಕು. ಹಿಡಿದ ಎರಡು ಕೈಗಳ ಮೇಲೆ ಶೇಖ್ ಬಿಳಿ ಕರವಸ್ತ್ರ ಹೊದಿಸುತ್ತಾರೆ. ಅಲ್ಲಿದ್ದವರ ಕಣ್ಣೆಲ್ಲ, ಮೊಬೈಲೆಲ್ಲ ಆ ಕೈಗಳ ಮೇಲೆ.

ಬರೀ ಅಷ್ಟೇ ಆಗಿದ್ದರೆ ನವ್ವಾರಾ ಇಷ್ಟು ಹಟ ಹಿಡಿಯುತ್ತಿರಲಿಲ್ಲ. ಹೋದ ತಿಂಗಳು ಮದುಮಗನ ಮನೆಯವರು ಶರಬತ್ತಿಗೆ ಬಂದಿದ್ದರು. ಮದುಮಗ ರಿಫಾತ್ ಒಳ್ಳೆಯವನು. ಅವನ ಅಣ್ಣ ಹಾತಿಮ್‌ನ ಬಾಯಿ ಮಾತ್ರ ಕೊಳಕು.

"ಏನು ಸಬ್ರಿ, ನಿಕಾಹ್‌ಗೆ ಸಿಲಿಂಡರ್ ಹೆಗಲ ಮೇಲೆ ಇಟ್ಕೊಂಡೇ ಬರ್ತೀಯೋ, ಕೆಳಗಿಳಿಸಿ ಬರ್ತೀಯೋ?" ಎಂದು ಅಪ್ಪನನ್ನು ಕೇಳಿದ್ದ ಅವನು.

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅಂಥ ಮಾತಿಗೆ ನಗಬಾರದು. ನವ್ವಾರಾ ನಗಲಿಲ್ಲ. ಹಾತಿಮ್ ಇನ್ನೂ ಕುಡಿಯುತ್ತಿದ್ದ ಗ್ಲಾಸನ್ನು "ಮುಗೀತಾ?" ಎಂದು ಕಿತ್ತುಕೊಂಡು ಒಳಗೆ ಹೋದಳು.

ಅಪ್ಪ ಓಣಿ ಓಣಿಗೆ ಗ್ಯಾಸ್ ಸಿಲಿಂಡರ್ ಹೊರುತ್ತಿದ್ದ. ಲಿಫ್ಟ್ ಇಲ್ಲದ ಮನೆಗಳಿಗೆ, ಐದು ಮಹಡಿ, ಆರು ಮಹಡಿ, ಬಲ ಹೆಗಲ ಮೇಲೆ. ಹೊತ್ತು ಹೊತ್ತು ಬಲ ಭುಜ ಎಡಕ್ಕಿಂತ ತಗ್ಗಾಗಿತ್ತು. ಮೊದಲು ಅವಳಿಗೆ ಅದು ಕಂಡೇ ಇರಲಿಲ್ಲ. ಹಾತಿಮ್‌ನ ಮಾತಿನ ನಂತರ ಅದೊಂದೇ ಕಾಣುತ್ತಿತ್ತು. ಶುಕ್ರವಾರ ಅದು ಯಾರಿಗೂ ಕಾಣಬಾರದು. ಇದು ಅವಳ ನಿರ್ಧಾರ.

"ಇದು ನೋಡಿ," ಎಂದು ಶಹಾತಾ ಇನ್ನೊಂದು ಕೋಟು ತಂದ. ಬೂದು ಬಣ್ಣ. ಈ ಸಲ ಅವನು ಎರಡು ಕೈಯನ್ನೂ ಮೇಲೆತ್ತಿ ತೋರಿಸಿದ. "ನೋಡಮ್ಮ ತಾಯಿ, ನಾನು ಎಲ್ಲೂ ಮುಟ್ಟಿಲ್ಲ!"

ಹಿಂದೆ, ಮುಂದೆ, ಎಲ್ಲ ಕಡೆ ಸರಿಯಾಗಿತ್ತು. ಅಪ್ಪ ಖುಷಿಯಿಂದ ಜೇಬಿಗೆ ಕೈ ಹಾಕಿದ. ಅವನಿಗೆ ಒಮ್ಮೆ ಮನೆ ಸೇರಿದರೆ ಸಾಕಾಗಿತ್ತು.

"ಇರು ಅಪ್ಪ. ನೀನು ಅಲ್ಲಿ ನಿಂತ್ಕೊಂಡಿರ್ತೀಯಾ? ಕೂತ್ಕೊಂಡಿರ್ತೀಯಲ್ಲ!"

ನವ್ವಾರಾ ಎರಡು ಸ್ಟೂಲು ಎಳೆದು ಎದುರುಬದುರು ಹಾಕಿದಳು. ನಡುವೆ ಒಂದು ರಟ್ಟಿನ ಡಬ್ಬ ಇಟ್ಟಳು.

"ಶಹಾತಾ ಮಾಮ, ಇಲ್ಲಿ ಕೂತ್ಕೊಳ್ಳಿ. ನೀವು ಮದುಮಗ."

"ಅಯ್ಯೋ, ನನ್ನ ಹೆಂಡ್ತಿಗೆ ಗೊತ್ತಾದ್ರೆ ಕೊಂದೇಬಿಡ್ತಾಳೆ!"

"ಕೈ ಕೊಡಿ!"

ಅಪ್ಪ ಕೈ ಚಾಚಿದ. ಕೈಯ ಜೊತೆಗೆ ಇಡೀ ಕೋಟೂ ಎದ್ದಿತು. ತೋಳು ಸರಸರ ಮೇಲೆ ಸರಿದು ಮೊಣಕೈ ಹತ್ತಿರ ನಿಂತಿತು. ಕಾಲರು ಕಿವಿ ಮುಟ್ಟಿತು. ಕಾಲುಚೀಲದ ಹೆಂಗಸು ಓಡಿಬಂದು ಹಿಡಿದ ಕೈಗಳ ಮೇಲೆ ಒಂದು ಬಿಳಿ ಕಾಲುಚೀಲ ಹೊದಿಸಿ, "ಮುಬಾರಕ್!" ಎಂದಳು. ಬಜಾರಿನ ಆ ಮೂಲೆಯೆಲ್ಲ ನಕ್ಕಿತು.

ಅಪ್ಪನಿಗೂ ನಗು ತಡೆಯಲಾಗಲಿಲ್ಲ. "ಸರಿಯಾಗೇ ಹೇಳ್ತಿದಾಳೆ. ಶುಕ್ರವಾರ ನಾನು ಕೈ ಕೊಡ್ಬೇಕು ಕಣಯ್ಯ, ಕೋಟು ಕೈ ಕೊಡಬಾರ್ದು!"

ಆಮೇಲೆ ಹುಡುಕುವುದು ಸುಲಭವಾಯಿತು. ಕಂಕುಳ ಹೊಲಿಗೆ ತೀರ ಕೆಳಗಿದ್ದ ಕೋಟುಗಳೆಲ್ಲ ಕೈ ಚಾಚಿದಾಗ ಮೇಲೇಳುತ್ತಿದ್ದವು. ಅಂಥವನ್ನು ನವ್ವಾರಾ ನೋಡಿದ ಕೂಡಲೇ ಆಚೆ ಎಸೆದಳು. ಭುಜದಿಂದ ಹೊರಗೆ ಜೋಲುವಂಥವನ್ನೂ ಎಸೆದಳು. ಕೊನೆಗೆ ರಾಶಿಯ ತಳದಲ್ಲಿ ಕಡುನೀಲಿ ಉಣ್ಣೆಯ ಕೋಟು ಸಿಕ್ಕಿತು. ಒಂದು ಗುಂಡಿ ಇರಲಿಲ್ಲ. ಒಳಗಿನ ಅಸ್ತರು ಹರಿದಿತ್ತು. ತೋಳು ಉದ್ದ. ಅವೆಲ್ಲ ಅಮ್ಮ ಸರಿ ಮಾಡುವಂಥವು.

ಅಪ್ಪ ಕೂತು ಕೈ ಚಾಚಿದ. ಕೋಟು ಕೂತಲ್ಲೇ ಕೂತಿತ್ತು.

"ಆರುನೂರು," ಎಂದ ಶಹಾತಾ.

"ಗುಂಡಿ ಇಲ್ಲ, ಅಸ್ತರು ಹರಿದಿದೆ. ಮುನ್ನೂರು," ಎಂದಳು ನವ್ವಾರಾ.

"ಏ, ನನಗೂ ಮಕ್ಕಳಿದಾರೆ!"

"ಗೊತ್ತು. ಅವರಿಗೆ ಈ ಕೋಟು ಆಗಲ್ಲ."

ನಾನೂರಕ್ಕೆ ಮುಗಿಯಿತು. ಹೊರಡುವಾಗ ಶಹಾತಾ ಹರಿದ ಹೆಂಗಸರ ಕೋಟೊಂದರಿಂದ ಹತ್ತಿ ತುಂಬಿದ ಭುಜದ ಮೆತ್ತೆ ಕಿತ್ತು ಅವಳ ಕೈಗಿಟ್ಟ. "ಇದು ಪುಕ್ಕಟೆ. ಬಲಗಡೆ ಒಳಗಿಟ್ಟು ಹೊಲಿಸು. ಎರಡೂ ಭುಜ ಒಂದೇ ಸಮ ಆಗತ್ತೆ. ಯಾರಿಗೂ ಗೊತ್ತಾಗಲ್ಲ."

ನವ್ವಾರಾಳ ಮುಖ ಅರಳಿತು. ಅಪ್ಪ ಬಲ ಭುಜವನ್ನು ಒಮ್ಮೆ ಉಜ್ಜಿಕೊಂಡ.

ಗುರುವಾರ ಹೊತ್ತಿಗೆ ಅಮ್ಮ ತೋಳು ಮೊಟಕು ಮಾಡಿ, ಗುಂಡಿ ಹಾಕಿ, ಮೆತ್ತೆಯನ್ನೂ ಹೊಲಿದಿದ್ದಳು. ಅಪ್ಪ ಕನ್ನಡಿಯ ಮುಂದೆ ನಿಂತ. ಎರಡೂ ಭುಜ ಒಂದೇ ಸಮ! ಅವನ್ನು ನೋಡಿ ಸಿಲಿಂಡರ್ ಹೊರುವವನು ಎಂದು ಯಾರೂ ಹೇಳುವಂತಿರಲಿಲ್ಲ.

"ಬ್ಯಾಂಕ್ ಮ್ಯಾನೇಜರ್ ಥರ ಇದೀಯ ಅಪ್ಪ!"

"ಹಂಗಾದ್ರೆ ನನಗೂ ಸ್ವಲ್ಪ ಸಾಲ ಕೊಡ್ಸಿ ಸಾರ್," ಎಂದಳು ಅಮ್ಮ.

"ಈಗ ಕೂತ್ಕೋ. ಅಮ್ಮನಿಗೆ ಕೈ ಕೊಡು."

ಅಪ್ಪ ಕೈ ಚಾಚಿದ. ಬಲ ಭುಜದ ಮೇಲೆ ಮೆತ್ತೆ ಗಂಟಾಗಿ ಎದ್ದು ನಿಂತಿತು. ಕಾಲರು ಒಂದು ಕಡೆಗೆ ವಾಲಿತು. ತೋಳು ಮೇಲೆ ಸರಿಯಿತು. ಅಪ್ಪ ಕೆಳಗೆ ಎಳೆದುಕೊಂಡ. ಅದು ಮತ್ತೆ ಮೇಲೆ ಹೋಯಿತು.

"ಹೋಗ್ಲಿ ಬಿಡ್ರಿ, ಯಾರು ನೋಡ್ತಾರೆ?" ಎಂದಳು ಅಮ್ಮ.

"ಎಲ್ರೂ ನೋಡ್ತಾರೆ!" ನವ್ವಾರಾ ತೋಳು ಹಿಡಿದು ಕೆಳಗೆ ಜಗ್ಗಿದಳು. "ಇನ್ನೊಂದು ಸಲ ಹೊಲಿ ಅಮ್ಮ. ಸಣ್ಣದು ಮಾಡಿ ಹೊಲಿ."

"ಅದು ಆಗಲ್ಲ ಕಣೇ ಪುಟ್ಟಿ." ಅಪ್ಪ ಕೋಟು ಬಿಚ್ಚಿ ಅವಳ ತೊಡೆಯ ಮೇಲಿಟ್ಟ. "ಕನ್ನಡಿ ಮುಂದೆ ನಿಲ್ಲೋ ಕೋಟು ಬೇಕಾ, ಕೈ ಹಿಡಿಯೋ ಕೋಟು ಬೇಕಾ? ಎರಡರಲ್ಲಿ ಒಂದು ಹೇಳು. ನೀನು ಹೇಳಿದ್ದು ಹಾಕ್ಕೋತೀನಿ."

ಅಪ್ಪ ಟೀ ಕುಡಿಯಲು ಒಳಗೆ ಹೋದ. ನವ್ವಾರಾ ಮೆತ್ತೆಯ ಗಂಟನ್ನು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಕತ್ತರಿ ತೆಗೆದುಕೊಂಡು ಒಂದೊಂದೇ ಹೊಲಿಗೆ ಬಿಚ್ಚಿದಳು. ಮೆತ್ತೆಯನ್ನು ಎಸೆಯಲು ಮಾತ್ರ ಮನಸ್ಸು ಬರಲಿಲ್ಲ. ಬೇಕಾದರೆ ಕೊನೇ ಗಳಿಗೆಯಲ್ಲಿ ಒಳಗೆ ತುರುಕಬಹುದು. ಅದನ್ನು ತನ್ನ ಫ್ರಾಕಿನ ಜೇಬಿನಲ್ಲಿಟ್ಟುಕೊಂಡಳು. ಜೊತೆಗೆ ಒಂದು ಪಿನ್ನೂ ಇಟ್ಟುಕೊಂಡಳು.

ಶುಕ್ರವಾರ ಮಸೀದಿಯಲ್ಲಿ ಹಾತಿಮ್ ಹೊಸ ಸೂಟಿನಲ್ಲಿ ಮಿಂಚುತ್ತಿದ್ದ. ಅಂಗಡಿಯ ಹೆಸರಿನ ಚೀಟಿ ಇನ್ನೂ ತೋಳಿನ ಮೇಲೇ ಇತ್ತು. ಎಲ್ಲರೂ ಓದಲಿ ಎಂದು ಬಿಟ್ಟಿದ್ದನೋ ಏನೋ. ಸಾಕ್ಷಿಯ ಸಹಿ ಹಾಕಲು ಅವನು ಕೈ ಚಾಚಿದಾಗ ತೋಳು ಸರ್ರನೆ ಮೊಣಕೈಗೆ ಏರಿತು. ನವ್ವಾರಾ ಅಮ್ಮನನ್ನು ತಿವಿದಳು. ಅಮ್ಮ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು.

ಈಗ ಅಪ್ಪನ ಸರದಿ. ಅವನು ರಿಫಾತ್ ಎದುರು ಕೂತ. ಬಲ ಭುಜ ತಗ್ಗಾಗಿ, ಎಲ್ಲರಿಗೂ ಕಾಣುವ ಹಾಗೆಯೇ ಇತ್ತು. ನವ್ವಾರಾಳ ಕೈ ಜೇಬಿನೊಳಗಿನ ಮೆತ್ತೆಯನ್ನು ಹಿಡಿದುಕೊಂಡಿತು.

ಅಪ್ಪ ಕೈ ಚಾಚಿದ. ಕೋಟು ಅಲ್ಲಾಡಲಿಲ್ಲ.

ಶೇಖ್ ಕರವಸ್ತ್ರ ಹೊದಿಸಿದರು. ರಿಫಾತ್‌ನ ಹಣೆಯಲ್ಲಿ ಬೆವರು. ಕರವಸ್ತ್ರದ ಅವನ ಕಡೆಯ ಅಂಚು ಗಡಗಡ ನಡುಗುತ್ತಿತ್ತು. ಅಪ್ಪ ಆ ಕೈಯನ್ನು ಇನ್ನೊಂದು ಚೂರು ಬಿಗಿಯಾಗಿ ಹಿಡಿದ. ಅಂಚು ನಿಧಾನಕ್ಕೆ ನಡುಗುವುದನ್ನು ಬಿಟ್ಟಿತು.

"ನನ್ನ ತಂಗಿ ನಯೀಮಾಳನ್ನು..." ಅಪ್ಪನ ದನಿ ಒಂದು ಸಲವೂ ಒಡೆಯಲಿಲ್ಲ. ಆರನೇ ಮಹಡಿಯ ಬಾಗಿಲಲ್ಲಿ ನಿಂತು "ಗ್ಯಾಸ್!" ಎಂದು ಕೂಗುವ ದನಿಯೇ ಅದು.

ಮುಗಿದ ಕೂಡಲೇ ಕೇಕೆ ಎದ್ದಿತು. ತಮಗೂ ಬೇಗ ಮದುವೆಯಾಗಲಿ ಎಂದು ಹುಡುಗರು ಆ ಕರವಸ್ತ್ರಕ್ಕೆ ಕಿತ್ತಾಡಿದರು. ನಯೀಮಾ ಅತ್ತೆ ನೆಟ್ಟಗೆ ಅಪ್ಪನ ಹತ್ತಿರ ಬಂದಳು. ಅವನ ಬಲ ಭುಜದ ಮೇಲೆ ತಲೆಯಿಟ್ಟು ಅತ್ತಳು. ಅವಳು ಕುಳ್ಳಿ. ಆ ಭುಜ ಅವಳಿಗೆ ಸರಿಯಾಗಿ ಎಟುಕುತ್ತಿತ್ತು.

ನವ್ವಾರಾ ಅದನ್ನು ನೋಡಿದಳು. ಆಮೇಲೆ ಎಲ್ಲರೂ ಫೋಟೋಗೆಂದು ಮಸೀದಿಯ ಹೊರಗೆ ಬಂದಾಗ ಅವಳು ಬಾಗಿಲ ಹತ್ತಿರ ಶೂ ಹುಡುಕಿಕೊಂಡಳು. ಜೇಬಿನಿಂದ ಮೆತ್ತೆ ತೆಗೆದು ಎಡಗಾಲಿನ ಶೂವಿನ ತುದಿಗೆ ತುರುಕಿ ಕಾಲು ಹಾಕಿದಳು. ಶೂ ಗಟ್ಟಿಯಾಗಿ ಕೂತಿತು.

ಬಲಗಾಲಿಗೆ ಮೆತ್ತೆ ಇರಲಿಲ್ಲ. ಒಂದು ಹೆಜ್ಜೆ ಮೌನ, ಒಂದು ಹೆಜ್ಜೆ ಟಪ್. ಒಂದು ಮೌನ, ಒಂದು ಟಪ್.

ಟಪ್ ಅನ್ನಲಿ ಬಿಡು ಎಂದುಕೊಂಡು, ಅವಳು ಅಪ್ಪನನ್ನು ಫೋಟೋಗೆ ಕರೆಯಲು ಮೊಬೈಲು ಹಿಡಿದವರ ನಡುವೆ ನುಗ್ಗಿದಳು. "ದಾರಿ ಬಿಡಿ! ನಮ್ಮಪ್ಪ ಬರ್ಬೇಕು, ದಾರಿ ಬಿಡಿ!"